ಕಾಯಂ, ಶಾಶ್ವತ ಎರಡೂ ಒಂದೇನಾ?

ಧಾರವಾಡದ ಚಹಾದಂಗಡಿಯವರು 'ನೀವು ಕಾಯಂ ಬರ್ತೀರಲ್ರಿ' ಅಂದರು, ಅದರರ್ಥ ಶಾಶ್ವತ ಅಂತಾನಾ ಎಂದು ಕೇಳಿದ್ದೀರಿ. ಅಲ್ಲ ಸರ್, ನಮ್ಮ ಕಡೆ ಕಾಯಂ ಅಂದರೆ ದಿನಾ, ತಪ್ಪದೆ ಅಂತಲೂ ಆಗುತ್ತದೆ. ಕಾಯಂ ಗಿರಾಕಿ ಅನ್ನುವುದೂ ಹಾಗೆಯೇ. ನೌಕರಿ ಕಾಯಂ ಆಯ್ತು ಅಂದಾಗ ಅರ್ಥ ಬೇರೆ: ಇನ್ನು ಸುಮ್ನೆ ತೆಗೆದುಹಾಕುವಂತಿಲ್ಲ. ಆದರೂ ನಿವೃತ್ತಿವರೆಗೆ ಮಾತ್ರ, ಅಲ್ವಾ?

ಶಾಶ್ವತಕ್ಕೆ ಕೊನೆಯೇ ಇಲ್ಲ. ಹಳೆಯ ದಾನಶಾಸನಗಳಲ್ಲಿ ಇದಕ್ಕೆ 'ಆಚಂದ್ರಾರ್ಕ' ಅಂತಿರುತ್ತದೆ, ಅಂದರೆ ಚಂದ್ರ ಸೂರ್ಯ ಇರುವವರೆಗೆ. ಗದಗ, ಲಕ್ಕುಂಡಿಗೆ ಹೋದಾಗ ಶಾಸನದ ಕಲ್ಲುಗಳ ನೆತ್ತಿ ನೋಡಿ, ಸೂರ್ಯ-ಚಂದ್ರರನ್ನೇ ಕೆತ್ತಿರುತ್ತಾರೆ.

ಇನ್ನು ಕಾಗುಣಿತ. ಕಾಯಂ ಅರಬ್ಬಿ ಮೂಲದ ಪದ, ಅಲ್ಲಿ ಮಹಾಪ್ರಾಣ ಇಲ್ಲ. 'ಖಾಯಂ' ಅಂತ ಬರೆಯುವವರೂ ಜಾಸ್ತಿ. ನಾನಂತೂ ಕಾಯಂ ಆಗಿ 'ಕಾಯಂ' ಅಂತಲೇ ಬರೆಯುತ್ತೇನೆ.