ಟ್ರಿಗರ್ ಬಿಗಿಯೆಂದು ಸ್ಪ್ರಿಂಗಿಗೆ ಕೈಹಾಕಬೇಡಿ ಮಾರಾಯ್ರೆ

ಬೋಲ್ಟಿನ (ತೋಟೆಯ ಹಿಂದೆ ಬಂದು ಮುಚ್ಚುವ ದಂಡೆ) ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ .315 ಕೋವಿಯ ಟ್ರಿಗರ್ ಹಗುರಾಗ್ತದಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ತೋಟೆಗೆ ಬಡಿಯುವ ಪಿನ್ನಿನ ಪೆಟ್ಟು ಸಾಲದೆ ತೋಟೆ ಸಿಡಿಯದೇ ಉಳಿದೀತು.

ಇಶಾಪುರದ ಸರ್ಕಾರಿ ಕಾರ್ಖಾನೆಯ ಈ ಕೋವಿಯ ಟ್ರಿಗರಿಗೆ ಎರಡು ಹಂತ: ಮೊದಲು ಸಡಿಲ ಎಳೆತ, ಆಮೇಲೆ ಬಿಗಿ. ಅದು ದೋಷವಲ್ಲ. ಇನ್ನೊಂದು ಸಂಗತಿ, ಟ್ರಿಗರ್ ಕೂತಿರುವುದು ಕೆಳಗಿನ ಗಾರ್ಡಿನಲ್ಲಿ, ಸಿಯರ್ (ಪಿನ್ನನ್ನು ತಡೆದು ಹಿಡಿದು, ಟ್ರಿಗರ್ ಎಳೆದಾಗ ಬಿಡುವ ಕೊಂಡಿ) ಇರುವುದು ಮೇಲಿನ ಬಾಡಿಯಲ್ಲಿ, ನಡುವೆ ಮರ. ನಮ್ಮ ಮಂಗಳೂರಿನ ಆಟಿಯ ಮಳೆಗೆ ಬಾಗಿಲೇ ಉಬ್ಬಿ ಹಿಡಿಯುವಾಗ ಕೋವಿಯ ಮರ ಸುಮ್ಮನಿರ್ತದಾ? ಎಳೆತ ಬದಲಾಗುವುದು ಅಲ್ಲೇ.

ಖಾಲಿ ಇದೆಯೆಂದು ಎರಡು ಸಲ ನೋಡಿ, ಒಣಗಿದ ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೆಗೆದು, ತೆಳ್ಳಗೆ ಎಣ್ಣೆ ಹಾಕಿ. ಸಿಯರಿನ ಅಂಚು ಉಜ್ಜುವ ಕೆಲಸ ಮಾತ್ರ ಲೈಸೆನ್ಸ್ ಇರುವ ರಿಪೇರಿಯವರಿಗೇ ಬಿಡಿ; ಕೋನ ತಪ್ಪಿದರೆ ಬೋಲ್ಟ್ ಜೋರಾಗಿ ಮುಚ್ಚಿದಾಗಲೇ ಗುಂಡು ಹಾರೀತು.