ಐದನೆಯದನ್ನೇ ಮೊದಲು ಓದಿದರೆ

ಪ್ರಶ್ನೆ: ನಾರ್ವೆಯ ಲೇಖಕ ಯೂ ನೆಸ್ಬೊ ಅವರ ‘ದಿ ಡೆವಿಲ್ಸ್ ಸ್ಟಾರ್’ ಓದಿದೆ. ಕೊಲೆಗಾರ ಸಿಕ್ಕ, ಸರಿ. ಆದರೆ ಪತ್ತೇದಾರ ಹ್ಯಾರಿ ಹೋಲ್‌ಗೂ ಇನ್ನೊಬ್ಬ ಅಧಿಕಾರಿಗೂ ಅಷ್ಟೊಂದು ಹಗೆ ಯಾಕೆಂದು ಕೊನೆಯವರೆಗೂ ಸರಿಯಾಗಿ ತಲೆಗೆ ಹತ್ತಲಿಲ್ಲ. ಪತ್ತೇದಾರಿ ಕಾದಂಬರಿ ತನ್ನಷ್ಟಕ್ಕೆ ತಾನು ಪೂರ್ಣವಾಗಿರಬೇಡವೇ?

ಸಂಪಾದಕರ ಉತ್ತರ: ಇದ್ದರೆ ಒಳ್ಳೆಯದೇ. ಷರ್ಲಾಕ್ ಹೋಮ್ಸ್‌ನ 56 ಸಣ್ಣಕಥೆಗಳನ್ನು, ಒಂದೆರಡು ಬಿಟ್ಟರೆ, ಯಾವ ಕ್ರಮದಲ್ಲಿ ಬೇಕಾದರೂ ಓದಬಹುದು. ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಗುಂಡು ತಗುಲಿದ್ದು 1887ರ ಕಾದಂಬರಿಯಲ್ಲಿ ಭುಜಕ್ಕೆ, 1890ರದ್ದರಲ್ಲಿ ಕಾಲಿಗೆ. ಬರೆದವರೇ ಲೆಕ್ಕ ಇಡದಿದ್ದ ಮೇಲೆ ಓದುವವರಿಗೇಕೆ ತಲೆನೋವು!

ಆದರೆ ನೀವು ಹಗೆಯ ಬೇರು ಹುಡುಕಿದಿರಲ್ಲ, ಸರಣಿ ಓದುವವರಿಗೆ ಬೇಕಾದ ಗುಣವೇ ಅದು. ತೀರ್ಪು ಕೊಡುವ ಮುನ್ನ ಪ್ರಕಟಣೆಯ ವಿವರವಿರುವ ಹಕ್ಕುಗಳ (ಕಾಪಿರೈಟ್) ಪುಟವನ್ನೂ ನೋಡಿದ್ದರೆ ಚೆನ್ನಾಗಿತ್ತು. ನೀವು ಓದಿದ್ದು ಹ್ಯಾರಿ ಹೋಲ್ ಸರಣಿಯ ಐದನೆಯ ಪುಸ್ತಕ. ಮೂರು, ನಾಲ್ಕು, ಐದು ಸೇರಿ ಒಂದೇ ಕಥೆ. ಮೂರನೆಯದಾದ ‘ದಿ ರೆಡ್‌ಬ್ರೆಸ್ಟ್‌’ನಲ್ಲಿ ಓದುಗರಿಗೆ ಗೊತ್ತಾಗುವ ಒಂದು ಸಂಗತಿ ಹ್ಯಾರಿಗೆ ಆಗಲೇ ಗೊತ್ತಾಗುವುದಿಲ್ಲ. ಅವನು ಯಾವಾಗ ಕಂಡುಕೊಳ್ಳುತ್ತಾನೆ ಎಂಬ ತಳಮಳವೇ ಮುಂದಿನ ಪುಸ್ತಕವನ್ನು ಓದಿಸುತ್ತದೆ. ನಿಮಗೆ ತಪ್ಪಿದ್ದು ಅದು.

ಇದರಲ್ಲಿ ನೆಸ್ಬೊ ಅವರ ತಪ್ಪೇನಿಲ್ಲ. ನಾರ್ವೇಜಿಯನ್‌ನಲ್ಲಿ ಸರಣಿ ಶುರುವಾದದ್ದು 1997ರಲ್ಲಿ. ಇಂಗ್ಲಿಷಿಗೆ ಮೊದಲು ಬಂದದ್ದು ಐದನೆಯದು, 2005ರಲ್ಲಿ. ಮೂರನೆಯದು 2006ರಲ್ಲಿ, ನಾಲ್ಕನೆಯದು 2008ರಲ್ಲಿ. ಮೊದಲನೆಯದಕ್ಕೆ 2012ರವರೆಗೆ ಕಾಯಬೇಕಾಯಿತು! ಸ್ವೀಡನ್ನಿನ ಮಾರ್ಟಿನ್ ಬೆಕ್ ಪತ್ತೇದಾರಿ ಸರಣಿಗೂ ಇದೇ ಗತಿ. ಅದರ ಲೇಖಕರು 1965ರಿಂದ 1975ರವರೆಗೆ ಹತ್ತು ಪುಸ್ತಕಗಳನ್ನು ಒಂದೇ ದೀರ್ಘ ಕಾದಂಬರಿಯೆಂದು ಯೋಜಿಸಿ ಬರೆದರು; ಇಂಗ್ಲಿಷಿನಲ್ಲಿ ಎರಡನೆಯದಕ್ಕಿಂತ ಮೊದಲು ಮೂರನೆಯದು ಬಂತು. ಆದ್ದರಿಂದ ಅನುವಾದದ ವರ್ಷ ನಂಬಬೇಡಿ, ಮೂಲಭಾಷೆಯ ವರ್ಷ ನೋಡಿ. ಹಕ್ಕುಗಳ ಪುಟದಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ.

ಅಗಾಥಾ ಕ್ರಿಸ್ಟಿಗೆ ಕ್ರಮ ಬೇಕಿಲ್ಲ ಎನ್ನುವವರಿದ್ದಾರೆ. ಆದರೆ 1937ರ ‘ಡಂಬ್ ವಿಟ್ನೆಸ್‌’ನಲ್ಲಿ ಅವರ ಪತ್ತೇದಾರ ಪೊಯ್ರೊ ಮಾತಿನ ಭರದಲ್ಲಿ ಹಿಂದಿನ ನಾಲ್ಕು ಪುಸ್ತಕಗಳ ಕೊಲೆಗಾರರ ಹೆಸರನ್ನು ಸಾಲಾಗಿ ಹೇಳಿಬಿಡುತ್ತಾನೆ. ಆ ನಾಲ್ಕರಲ್ಲಿ 1926ರ ‘ರೋಜರ್ ಆಕ್ರಾಯ್ಡ್’ ಕೂಡ ಒಂದು. ಅದರ ಗುಟ್ಟು ಒಮ್ಮೆ ಒಡೆದರೆ ಓದುವ ಸುಖದ ಮುಕ್ಕಾಲು ಪಾಲು ಹೋದಂತೆಯೇ.

ಈಗ ‘ರೆಡ್‌ಬ್ರೆಸ್ಟ್’ ಹಿಡಿಯಿರಿ, ಆಮೇಲೆ ನಾಲ್ಕನೆಯದಾದ ‘ನೆಮೆಸಿಸ್’, ಅನಂತರ ನಿಮ್ಮ ಐದನೆಯದೇ ಮತ್ತೊಮ್ಮೆ. ಆಸ್ಟ್ರೇಲಿಯಾ ಮತ್ತು ಥಾಯ್ಲೆಂಡ್‌ನಲ್ಲಿ ನಡೆಯುವ ಮೊದಲೆರಡು ಕಾಯಬಲ್ಲವು. ಒಂದೊಂದು ಮುಗಿದಾಗಲೂ ಯಾರು ಸತ್ತರು, ಯಾರು ದೂರವಾದರು, ಯಾವ ಪ್ರಕರಣ ಮುಗಿಯದೆ ಉಳಿಯಿತು ಎಂದು ಚೀಟಿಯಲ್ಲಿ ಬರೆದಿಡಿ. ಬೆನ್ನುಡಿಯನ್ನು ಮಾತ್ರ ಓದಲೇಬೇಡಿ. ಹಿಂದಿನ ಪುಸ್ತಕದ ಸಾವುಗಳನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದುಂಟು.

ಪ್ರಕಾಶಕರಿಗೆ ಪುಸ್ತಕದ ಬೆನ್ನಿನ ಮೇಲೆ ಒಂದು ಅಂಕಿ ಹಾಕಲು ಏನು ಕಷ್ಟವೋ! ಐದು ಎಂದು ಕಂಡರೆ ಕೊಳ್ಳುವವರು ಹಿಂಜರಿಯುತ್ತಾರೆಂಬ ಭಯವಿರಬೇಕು. ಅಂಕಿ ಹಾಗಿರಲಿ, ಹೆಸರನ್ನೇ ಬದಲಿಸುವುದೂ ಉಂಟು: ‘ಡಂಬ್ ವಿಟ್ನೆಸ್’ ಅಮೆರಿಕದಲ್ಲಿ ‘ಪೊಯ್ರೊ ಲೂಸಸ್ ಎ ಕ್ಲೈಂಟ್’ ಎಂಬ ಹೆಸರಿನಲ್ಲಿ ಬಂತು. ಹೊಸದೆಂದು ಅದನ್ನೂ ಕೊಂಡವರು ಇಪ್ಪತ್ತು ಪುಟ ಓದಿದ ಮೇಲೆ ಯಾರನ್ನು ಬೈಯಬೇಕು?