ಕ್ಯಾಮರಾ ಮಾರುವ ಮೊದಲು ಲೆನ್ಸಿಗೆ ಟಾರ್ಚ್ ಹಿಡಿಯಿರಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾವು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆಯವರು. ನಮ್ಮ ಯಜಮಾನರಿಗೆ ಹಕ್ಕಿಗಳ ಫೋಟೋ ತೆಗೆಯುವುದೆಂದರೆ ಪ್ರಾಣ. ಅವರು ತೀರಿಕೊಂಡು ಎರಡು ಮಳೆಗಾಲ ಕಳೆದವು. ನಿಕಾನ್ ಡಿ750 ಕ್ಯಾಮರಾ, 200-500 ಲೆನ್ಸ್, 24-120 ಲೆನ್ಸ್, ಸಣ್ಣದೊಂದು 50 ಎಂಎಂ ಲೆನ್ಸ್, ಫ್ಲ್ಯಾಶ್, ಟ್ರೈಪಾಡ್ ಎಲ್ಲವೂ ಬ್ಯಾಗಿನೊಳಗೆ ಬೀರುವಿನಲ್ಲಿವೆ. ಹಳೆ ಕ್ಯಾಮರಾ ಕೊಳ್ಳುವ ಆನ್‌ಲೈನ್ ಕಂಪನಿಯೊಂದರ ಸೈಟಿನಲ್ಲಿ ಮಗ ವಿವರ ತುಂಬಿದ್ದಕ್ಕೆ ಎಲ್ಲ ಸೇರಿ 68 ಸಾವಿರ ತೋರಿಸಿತಂತೆ. ‘ಕೊರಿಯರ್‌ನವರು ಮನೆಗೇ ಬಂದು ಒಯ್ಯುತ್ತಾರೆ, ಕೊಟ್ಟುಬಿಡಮ್ಮ’ ಅನ್ನುತ್ತಾನೆ. ಪರಿಚಯದವರು ಓಎಲ್‌ಎಕ್ಸ್‌ಗೆ ಹಾಕಿ ಅನ್ನುತ್ತಾರೆ. ನನಗೆ ಕ್ಯಾಮರಾದ ಗಂಧಗಾಳಿಯಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೊಡಬೇಡಿ. ನಿಮ್ಮ ಬೀರುವಿನಲ್ಲಿರುವುದು ಎರಡು ಬಗೆಯ ಸಾಮಾನು. ಡಿ750 ಬಾಡಿ, ಅಂದರೆ ಲೆನ್ಸ್ ಬಿಟ್ಟ ಬರೀ ಕ್ಯಾಮರಾ, 2014ರಲ್ಲಿ ಬಂದದ್ದು. ಈಗಲೂ ಸೊಗಸಾಗಿ ಚಿತ್ರ ತೆಗೆಯುತ್ತದೆ, ಆದರೆ ನಿಕಾನ್, ಕ್ಯಾನನ್ ಎರಡೂ ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮರಾಗಳ ಕಡೆಗೆ ಹೊರಳಿದ ಮೇಲೆ ಇಂಥ ಬಾಡಿಗಳ ಬೆಲೆ ವರ್ಷ ವರ್ಷಕ್ಕೂ ಇಳಿಯುತ್ತಿದೆ. ಲೆನ್ಸ್‌ಗಳ ಕಥೆಯೇ ಬೇರೆ. ನಿಮ್ಮಲ್ಲಿರುವ 200-500, ಅಂದರೆ ದೂರದ ಹಕ್ಕಿಯನ್ನು ಹತ್ತಿರ ತರುವ ದೊಡ್ಡ ಲೆನ್ಸ್, ನಿಕಾನ್‌ನ ಹೊಸ ಝಡ್ ಸರಣಿಯ ಮಿರರ್‌ಲೆಸ್ ಕ್ಯಾಮರಾಗಳಿಗೂ ಎಫ್‌ಟಿಝಡ್ ಅಡಾಪ್ಟರ್ (ಹಳೆ ಲೆನ್ಸನ್ನು ಹೊಸ ಕ್ಯಾಮರಾಕ್ಕೆ ಜೋಡಿಸುವ ಬಳೆ) ಹಾಕಿದರೆ ಕೂರುತ್ತದೆ, ಆಟೋಫೋಕಸ್ ಸಮೇತ. ಹಾಗಾಗಿ ಹಕ್ಕಿ, ಆನೆ, ಹುಲಿ ಎಂದು ಅಲೆಯುವವರಿಗೆ ಅದು ಇವತ್ತಿಗೂ ಬೇಕು. ಬಾಡಿಯನ್ನು ಬೇಗ ಮಾರಿ, ದೊಡ್ಡ ಲೆನ್ಸಿಗೆ ತಕ್ಕ ಗಿರಾಕಿ ಸಿಗುವವರೆಗೆ ಕಾಯಿರಿ. ಎರಡನ್ನೂ ಸೇರಿಸಿ ಕೊಟ್ಟರೆ ಬಾಡಿಯ ಇಳಿದ ಬೆಲೆಯ ನೆರಳು ಲೆನ್ಸಿನ ಮೇಲೂ ಬೀಳುತ್ತದೆ.

ಆ 68 ಸಾವಿರದ ಮಾತು. ನೀವು ತೋಟದವರು, ಚೆರಿ ಕಾಫಿ ಮಾರಿದ್ದೀರಿ. ಏಜೆಂಟ್ ಫೋನಿನಲ್ಲಿ ಹೇಳಿದ ರೇಟು ಕೈಗೆ ಬರುವ ರೇಟಲ್ಲ ಎಂದು ನಿಮಗೆ ಗೊತ್ತು. ಚೀಲ ಅಲ್ಲಿಗೆ ಹೋಗಬೇಕು, ತೇವಾಂಶ ನೋಡಬೇಕು, ಔಟ್‌ಟರ್ನ್ (ಸಿಪ್ಪೆ ಬಿಡಿಸಿದರೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ತೆಗೆಯಬೇಕು, ಲೆಕ್ಕ ಆಮೇಲೆ. ಆನ್‌ಲೈನ್ ಕಂಪನಿಯ ಬೆಲೆಯೂ ಹಾಗೆಯೇ. ‘ಸ್ಥಿತಿ ಉತ್ತಮ’ ಎಂದು ಮಗ ಒತ್ತಿದ್ದಾನೆ, ಯಂತ್ರ ಒಂದು ಮೊತ್ತ ತೋರಿಸಿದೆ. ಸಾಮಾನು ಅವರ ಮೇಜಿಗೆ ಹೋಗಿ ಟಾರ್ಚ್ ಹಿಡಿದು ನೋಡಿದ ಮೇಲೆ ಬರುವುದೇ ನಿಜವಾದ ಬೆಲೆ. ಅಷ್ಟರಲ್ಲಿ ಸಾಮಾನು ಅವರ ಕೈಯಲ್ಲಿರುತ್ತದೆ, ವಾಪಸ್ ತರಿಸುವ ಖರ್ಚು ನಿಮ್ಮ ಮೇಲಿರುತ್ತದೆ.

ನನಗೇ ಹೀಗಾಗಿದೆ. ಕೆಲವು ವರ್ಷಗಳ ಹಿಂದೆ ಮಡಿಕೇರಿಯಿಂದ ಒಂದು ಟೆಲಿ ಲೆನ್ಸ್ ಕಳಿಸಿದ್ದೆ. ‘ಒಳಗೆ ಮಂಜು ಕಟ್ಟಿದೆ’ ಎಂದು ಮೂರರಲ್ಲಿ ಒಂದು ಪಾಲು ಬೆಲೆ ಇಳಿಸಿದರು. ಮಂಜು ಇದ್ದದ್ದು ನಿಜವೋ ಸುಳ್ಳೋ ಹೇಳಲು ನನ್ನಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಕಳಿಸುವ ಮೊದಲು ನಾನೇ ಒಳಗೆ ಇಣುಕಿ ನೋಡಿರಲಿಲ್ಲ. ಒಪ್ಪಿಕೊಂಡೆ.

ನೀವು ಆ ತಪ್ಪು ಮಾಡಬೇಡಿ. ಇವತ್ತು ರಾತ್ರಿಯೇ ಕೋಣೆಯ ದೀಪ ಆರಿಸಿ, ಲೆನ್ಸಿನ ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಹಿಂಬದಿಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. 24-120 ಮತ್ತು 50 ಎಂಎಂನಲ್ಲಿ ಹಿಂಬದಿಯ ಅಂಚಿನಲ್ಲಿ ಸಣ್ಣದೊಂದು ಲೋಹದ ಲಿವರ್ ಇರಬಹುದು. ಇದ್ದರೆ ಅದನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಹಿಡಿದರೆ ಬೆಳಕಿನ ಕಿಂಡಿಯನ್ನು ಕಿರಿದು ಹಿರಿದು ಮಾಡುವ ಒಳಗಿನ ಎಲೆಗಳು ತೆರೆದುಕೊಂಡು ಪೂರ್ತಿ ಕಾಣುತ್ತದೆ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಹೊಸ ಲೆನ್ಸಿನಲ್ಲೂ ಇರುತ್ತವೆ. ಗಾಜಿನ ಅಂಚಿನಿಂದ ನಡುವಿಗೆ ಜೇಡನ ಬಲೆಯ ಹಾಗೆ, ಕವಲೊಡೆದ ಬೇರಿನ ಹಾಗೆ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಎಳೆಗಳಿಲ್ಲದೆ ಗಾಜು ಇಡಿಯಾಗಿ ಹಾಲು ಬಳಿದಂತೆ ಮಸುಕಾಗಿದ್ದರೆ ಅದು ಹೇಸ್. ಕಂಡದ್ದನ್ನು, ಏನೂ ಕಾಣದಿದ್ದರೆ ಅದನ್ನೂ, ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಸೀರಿಯಲ್ ನಂಬರ್ ಅದೇ ವಿಡಿಯೊದಲ್ಲಿ ಬರಲಿ.

ಶಾಂತಳ್ಳಿಯ ಮಳೆಯಲ್ಲಿ ಎರಡು ವರ್ಷ ಬ್ಯಾಗಿನೊಳಗೆ ಇದ್ದ ಲೆನ್ಸಿಗೆ ಫಂಗಸ್ ಹತ್ತಿದ್ದರೆ ಆಶ್ಚರ್ಯವಿಲ್ಲ. ಬ್ಯಾಗಿನ ಬಟ್ಟೆಯೂ ಚರ್ಮವೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಕತ್ತಲೆ, ಗಾಳಿಯಾಡದ ಜಾಗ, ತೇವ, ಮೂರೂ ಅಲ್ಲಿವೆ. ಈಗಲೇ ಬ್ಯಾಗಿನಿಂದ ಹೊರತೆಗೆದು, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವಾಂಶ 40ರಿಂದ 50 ಶೇಕಡಾ ಇದ್ದರೆ ಸಾಕು. ಸಣ್ಣ ಹೈಗ್ರೋಮೀಟರ್ ಒಂದನ್ನು ಒಳಗೆ ಹಾಕಿದರೆ ಗೊತ್ತಾಗುತ್ತದೆ. ಫಂಗಸ್ ಕಂಡ ಲೆನ್ಸನ್ನು ಬೇರೆ ಡಬ್ಬದಲ್ಲಿಡಿ. ಒಲೆಯ ಪಕ್ಕ ಇಡುವುದು, ಬಿಸಿಲಿಗೆ ಬಾಯಿ ತೆರೆದು ಇಡುವುದು ಎರಡೂ ಬೇಡ. ಅಷ್ಟು ದೊಡ್ಡ ಗಾಜು ಬಿಸಿಲನ್ನು ಒಂದೆಡೆ ಸೇರಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಫಂಗಸ್ ಇದ್ದರೆ ಮುಚ್ಚಿಡಬೇಡಿ. ಅಂಚಿನಲ್ಲಿ ಸ್ವಲ್ಪ ಇದ್ದರೆ ಚಿತ್ರದಲ್ಲಿ ಕಾಣಿಸುವುದೇ ಇಲ್ಲ, ಆದರೂ ಆನ್‌ಲೈನ್ ಕಂಪನಿಗಳು ಅಂಥದ್ದನ್ನು ತಿರಸ್ಕರಿಸುವುದೋ ಬೆಲೆ ಮುರಿಯುವುದೋ ಖಂಡಿತ. ಎದುರಿಗೆ ಬಂದು ನೋಡುವ ಫೋಟೋಗ್ರಾಫರ್ ಹಾಗಲ್ಲ, ನಾಲ್ಕು ಚಿತ್ರ ತೆಗೆದು ನೋಡಿ ನ್ಯಾಯವಾದ ಬೆಲೆ ಹೇಳುತ್ತಾನೆ. ನಮ್ಮ ಜಿಲ್ಲೆಯ ಲೆನ್ಸ್‌ಗಳಿಗೆ ಆನ್‌ಲೈನಿಗಿಂತ ಮುಖಾಮುಖಿ ವ್ಯಾಪಾರವೇ ಒಳ್ಳೆಯದು ಎಂದು ನಾನು ಹೇಳುವುದಕ್ಕೆ ಇದೇ ದೊಡ್ಡ ಕಾರಣ.

ಕ್ಯಾಮರಾ ಬಾಡಿಯ ಬಗ್ಗೆ ಕೇಳುವ ಮೊದಲ ಪ್ರಶ್ನೆ ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಬಾರಿ ಕ್ಲಿಕ್ ಆಗಿದೆ ಎಂಬುದು. ಡಿ750 ಶಟರ್ 1,50,000 ಕ್ಲಿಕ್‌ಗೆ ಪರೀಕ್ಷೆಯಾದದ್ದು. ನಿಕಾನ್ ಈ ಸಂಖ್ಯೆಯನ್ನು ಪ್ರತಿ ಫೋಟೋ ಫೈಲಿನೊಳಗೇ ಬರೆಯುತ್ತದೆ. ಮಗನಿಗೆ ಒಂದು ಹೊಸ ಫೋಟೋ ತೆಗೆದು ಕಾರ್ಡಿನಿಂದ ನೇರವಾಗಿ ಕಂಪ್ಯೂಟರಿಗೆ ಹಾಕಿ ನೋಡಲು ಹೇಳಿ. ವಾಟ್ಸ್‌ಆಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಡಿ750ರ ಕೆಲವು ಸೀರಿಯಲ್ ನಂಬರ್‌ಗಳಿಗೆ ನಿಕಾನ್ ಶಟರನ್ನು ಉಚಿತವಾಗಿ ಬದಲಿಸಿಕೊಟ್ಟಿತ್ತು. ಯಜಮಾನರ ಕಾಗದಗಳಲ್ಲಿ ಸರ್ವಿಸ್ ರಸೀದಿ ಇದೆಯೇ ಹುಡುಕಿ. ಅದು ಮತ್ತು ಮೂಲ ಬಿಲ್ ಸಿಕ್ಕರೆ ಕೊಳ್ಳುವವನ ಅರ್ಧ ಅನುಮಾನ ಕಳೆಯುತ್ತದೆ.

ಎಲ್ಲಿ ಮಾರುವುದು? 200-500ಕ್ಕೆ ನಾಗರಹೊಳೆ, ಕಬಿನಿಗೆ ಹೋಗಿಬರುವ ಮೈಸೂರು, ಬೆಂಗಳೂರಿನ ಫೋಟೋಗ್ರಾಫರ್‌ಗಳೇ ಗಿರಾಕಿಗಳು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಇಂಥ ಸಂಘಗಳ ಸದಸ್ಯರ ನಡುವೆ ಕೈಬದಲಾಗುವ ಲೆನ್ಸಿಗೆ ಬೆಲೆಯೂ ಮರ್ಯಾದೆಯೂ ಹೆಚ್ಚು. ಯಜಮಾನರ ಜೊತೆ ಹಕ್ಕಿ ನೋಡಲು ಬರುತ್ತಿದ್ದ ಗೆಳೆಯರಿಗೆ ಮೊದಲು ಫೋನ್ ಮಾಡಿ. ಡಿ750 ಮತ್ತು 50 ಎಂಎಂ ಎರಡನ್ನು ಮಾತ್ರ ಜೊತೆ ಮಾಡಿ ಮಾರಿ, ಕಲಿಯುವವರಿಗೆ ಅದೊಂದು ಪೂರ್ಣ ಕ್ಯಾಮರಾ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ವಿಚಾರಿಸಿ. 24-120, ಫ್ಲ್ಯಾಶ್ ಎರಡೂ ಮದುವೆ ಫೋಟೋಗ್ರಾಫರ್‌ಗಳಿಗೆ ಬೇಕಾದವು. ಟ್ರೈಪಾಡ್‌ಗೆ ಹೆಚ್ಚೇನೂ ಬರುವುದಿಲ್ಲ, ದೊಡ್ಡ ಲೆನ್ಸಿನ ಜೊತೆ ಕೊಟ್ಟುಬಿಡಿ.

ಕಾಲವನ್ನೂ ನೋಡಿಕೊಳ್ಳಿ. ಜುಲೈ-ಆಗಸ್ಟ್‌ನ ಮಳೆಯ ತಿಂಗಳಾದ ಕಕ್ಕಡದಲ್ಲಿ ಮದುವೆಯೂ ಇಲ್ಲ, ಕಾಡು ಸುತ್ತುವವರೂ ಇಲ್ಲ, ಕ್ಯಾಮರಾ ಕೇಳುವವರೂ ಇಲ್ಲ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದಿಂದ ಮೇ ತಿಂಗಳವರೆಗೆ ಗಿರಾಕಿ ಸಿಗುತ್ತಾರೆ.

ಆನ್‌ಲೈನ್ ಕಂಪನಿಯನ್ನು ನಾನು ಬೈಯುತ್ತಿಲ್ಲ. ಅವರು ಶುಚಿ ಮಾಡಬೇಕು, ವಾರಂಟಿ ಕೊಡಬೇಕು, ಮಾರಾಟವಾಗುವವರೆಗೆ ಹಣ ಹೂಡಿ ಕಾಯಬೇಕು. ಅವರು 100 ರೂಪಾಯಿಗೆ ಮಾರುವ ವಸ್ತುವಿಗೆ ನಿಮಗೆ 55ರಿಂದ 65 ಕೊಟ್ಟರೆ ಅದನ್ನು ಮೋಸ ಎನ್ನಲಾರೆ. ಮಗನಿಗೆ ಒಂದು ಕೆಲಸ ಹೇಳಿ: ಅದೇ ಕಂಪನಿ ಅದೇ ಲೆನ್ಸನ್ನು ಎಷ್ಟಕ್ಕೆ ಮಾರುತ್ತಿದೆ ಎಂದು ಅವರ ಸೈಟಿನಲ್ಲೇ ನೋಡಿ ಬರೆದುಕೊಳ್ಳಲಿ, ಪ್ರತಿ ಸಾಮಾನಿಗೂ ಬೇರೆ ಬೇರೆ ಬೆಲೆ ಕೇಳಲಿ. ಯೂಟ್ಯೂಬ್‌ನಲ್ಲಿ ಹೊಗಳುವ ಕೆಇಎಚ್, ಎಂಪಿಬಿಯಂಥ ಕಂಪನಿಗಳು ಅಮೆರಿಕ, ಯುರೋಪಿನ ಜನರಿಂದ ಕೊಳ್ಳುವವು, ಅಲ್ಲಿಯ ದರ ನಮಗೆ ಅಳತೆಗೋಲಲ್ಲ. ಮೂರು ತಿಂಗಳಲ್ಲಿ ಬಾಡಿ ಕೊಳ್ಳುವ ಗಿರಾಕಿ ಸಿಗದಿದ್ದರೆ ಬಾಡಿಯನ್ನು ಕಂಪನಿಗೇ ಕೊಡಿ, ನಷ್ಟವೇನೂ ಆಗದು. 200-500 ಕೊರಿಯರ್‌ಗೆ ಹಾಕಬೇಡಿ. ಎರಡು ಕಿಲೋಗೂ ಹೆಚ್ಚು ತೂಗುವ ಗಾಜು ಅದು. ಮಗ ಊರಿಗೆ ಬಂದಾಗ ಕೈಯಲ್ಲೇ ಒಯ್ಯಲಿ.

ಮೆಮೊರಿ ಕಾರ್ಡ್‌ಗಳನ್ನು ಮಾತ್ರ ಯಾರಿಗೂ ಕೊಡಬೇಡಿ. ಕ್ಯಾಮರಾದೊಳಗೆ ಎರಡು ಕಾರ್ಡಿನ ಜಾಗವಿದೆ, ಎರಡೂ ತೆಗೆದಿದ್ದೀರೋ ನೋಡಿ. ಅವರು ಕೊನೆಯದಾಗಿ ನೋಡಿದ ಹಕ್ಕಿ ಅದರಲ್ಲಿರಬಹುದು.

ಪ್ರಶ್ನೆ: ನಾನು ವಿರಾಜಪೇಟೆಯವನು. ಕ್ಯಾನನ್ 80ಡಿ ಕ್ಯಾಮರಾವನ್ನು ಓಎಲ್‌ಎಕ್ಸ್‌ಗೆ ಹಾಕಿ ಹತ್ತು ನಿಮಿಷಕ್ಕೆ ಒಬ್ಬರು ಫೋನ್ ಮಾಡಿದರು. ಚೌಕಾಸಿಯೇ ಇಲ್ಲದೆ ಒಪ್ಪಿದರು. ಸೇನೆಯಲ್ಲಿದ್ದೇನೆ, ವರ್ಗಾವಣೆಯಾಗಿದೆ, ನಮ್ಮ ಗಾಡಿ ಬಂದು ಒಯ್ಯುತ್ತದೆ ಎಂದು ಗುರುತಿನ ಚೀಟಿಯ ಫೋಟೋ ಕಳಿಸಿದ್ದಾರೆ. ಹಣ ಹಾಕಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅನ್ನುತ್ತಾರೆ. ನಂಬಬಹುದೇ?

ಉತ್ತರ: ಸ್ಕ್ಯಾನ್ ಮಾಡಬೇಡಿ. ಇದು ದೇಶದಾದ್ಯಂತ ನಡೆಯುತ್ತಿರುವ ಹಳೆಯ ವಂಚನೆ. ಆ ಗುರುತಿನ ಚೀಟಿ ಬೇರೆ ಯಾರದ್ದೋ, ಇಲ್ಲವೇ ನಕಲಿ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ, ಯುಪಿಐ ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದಿರಿ ಎಂದರೆ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ.

ಕಾರ್ಯಪ್ಪ, ತಿಮ್ಮಯ್ಯನವರ ಊರಿನಲ್ಲಿ ಸೇನೆ ಎಂದ ಕೂಡಲೇ ನಮ್ಮ ದನಿ ತಗ್ಗುತ್ತದೆ, ಮರುಪ್ರಶ್ನೆ ಕೇಳಲು ಸಂಕೋಚವಾಗುತ್ತದೆ. ಈ ಕಳ್ಳರು ಹಿಡಿಯುವುದು ಅದೇ ಸಂಕೋಚವನ್ನು, ನನಗೆ ಅತಿ ಹೆಚ್ಚು ಸಿಟ್ಟು ಬರುವುದೂ ಅದಕ್ಕೇ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ನಿವೃತ್ತ ಯೋಧರೊಬ್ಬರು ಇದ್ದೇ ಇರುತ್ತಾರೆ. ಹೀಗೆ ಗಾಡಿ ಕಳಿಸಿ ಸಾಮಾನು ಒಯ್ಯುವ ಪದ್ಧತಿ ಇದೆಯೇ ಎಂದು ಅವರನ್ನೇ ಕೇಳಿ.

ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮುಂದೆ ಗಿರಾಕಿ ಬಂದಾಗ ಮನೆಗೆ ಕರೆಯಬೇಡಿ. ಜನರಿರುವ ಹೋಟೆಲಿನಲ್ಲಿ ಕೂತು ಕ್ಯಾಮರಾ ತೋರಿಸಿ, ಹಣ ಖಾತೆಗೆ ಬಂದದ್ದನ್ನು ನಿಮ್ಮ ಬ್ಯಾಂಕ್ ಆಪ್‌ನಲ್ಲೇ ನೋಡಿ ಆಮೇಲೆ ಕೈಬಿಡಿ. ಅವರು ತೋರಿಸುವ ಸ್ಕ್ರೀನ್‌ಶಾಟ್ ಹಣವಲ್ಲ.

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದು ಸ್ಟುಡಿಯೊ. ಕ್ಯಾನನ್ 5ಡಿ ಮಾರ್ಕ್ 3, ಮೂರು ಲೆನ್ಸ್ ಇವೆ. 1,90,000 ಕ್ಲಿಕ್ ಆಗಿದೆ. ಮಿರರ್‌ಲೆಸ್ ಕೊಳ್ಳಬೇಕು. ಅಂಗಡಿಯವರು ಎಲ್ಲವನ್ನೂ ಎಕ್ಸ್‌ಚೇಂಜ್‌ಗೆ ತೆಗೆದುಕೊಳ್ಳುತ್ತೇವೆ ಅನ್ನುತ್ತಾರೆ. ಕೊಡಬಹುದೇ?

ಉತ್ತರ: ಬಾಡಿ ಕೊಡಿ, ಲೆನ್ಸ್ ಕೊಡಬೇಡಿ. ಹೊಸದೂ ಕ್ಯಾನನ್ ಆಗಿದ್ದರೆ ನಿಮ್ಮ ಹಳೆಯ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್ ಸರಣಿಯ ಮಿರರ್‌ಲೆಸ್ ಬಾಡಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಒಂದು ಮದುವೆ ಸೀಸನ್ ದುಡಿಸಿ, ಯಾವ ಲೆನ್ಸ್ ನಿಜವಾಗಿ ಬೇಡ ಎಂದು ಗೊತ್ತಾದ ಮೇಲೆ ಮಾರಿ.

2012ರ ಈ ಬಾಡಿಯ ಶಟರ್ 1,50,000 ಕ್ಲಿಕ್‌ಗೆ ಪರೀಕ್ಷೆಯಾದದ್ದು, ನಿಮ್ಮದು ದಾಟಿದೆ. ದಾಟಿದ ಮಾತ್ರಕ್ಕೆ ನಾಳೆಯೇ ಕೆಡುತ್ತದೆಂದಲ್ಲ, ಆದರೆ ಖಾಸಗಿ ಗಿರಾಕಿಗೆ ಮಾರಿ ಮುಂದಿನ ವಾರ ಶಟರ್ ಹೋದರೆ ಅವನು ನಿಮ್ಮ ಸ್ಟುಡಿಯೊ ಬಾಗಿಲಿಗೇ ಬರುತ್ತಾನೆ. ಊರಿನಲ್ಲಿ ಹೆಸರಿಟ್ಟುಕೊಂಡವರಿಗೆ ಎರಡು ಸಾವಿರ ಕಡಿಮೆಯಾದರೂ ಅಂಗಡಿಯೇ ಮೇಲು.

ಅಂಗಡಿಯಲ್ಲಿ ಎಕ್ಸ್‌ಚೇಂಜ್ ಮಾತು ಎತ್ತುವ ಮೊದಲೇ ಹೊಸ ಕ್ಯಾಮರಾದ ಕೊನೆಯ ನಗದು ಬೆಲೆ ಕೇಳಿ ಬರೆದುಕೊಳ್ಳಿ. ಹಳೆಯದಕ್ಕೆ ಹೆಚ್ಚು ಕೊಟ್ಟಂತೆ ಮಾಡಿ ಹೊಸದರಲ್ಲಿ ಇರುತ್ತಿದ್ದ ರಿಯಾಯಿತಿ ನುಂಗುವುದು ಎಷ್ಟೋ ಕಡೆ ನಡೆಯುತ್ತದೆ. ಎರಡೂ ಅಂಕಿ ಕೈಯಲ್ಲಿದ್ದರೆ ವ್ಯತ್ಯಾಸ ತಾನೇ ಕಾಣುತ್ತದೆ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದು ಕ್ಯಾಮರಾ ಸ್ಟುಡಿಯೊ ಲೆಕ್ಕದಲ್ಲಿದ್ದರೆ ಬಿಲ್ ಹಾಕಿಯೇ ಕೊಡಬೇಕು, ಕ್ಯಾಮರಾಕ್ಕೆ ತೆರಿಗೆ ಶೇ 18. ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ (ಆಗ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ತೆಗೆದುಕೊಂಡಿದ್ದಿರೋ ಇಲ್ಲವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಅಂಗಡಿಗೆ ಹೋಗುವ ಮೊದಲು ಹಳೆಯ ಖರೀದಿ ಬಿಲ್ ಹಿಡಿದು ನಿಮ್ಮ ಆಡಿಟರ್ ಹತ್ತಿರ ಹೋಗಿ ಬನ್ನಿ.